ಹೌದ್ರಿಗೊಂದು ಶೇಂಗಾ

ಆಳಂದದ ನಮ್ಮ ಮನೆಯಲ್ಲಿ ಮಜ್ಜಿಗೆ ಗಡಿಗೆಗೆ ಮುಚ್ಚಳವಾಗಿರುವುದು ನನ್ನ ಚರ್ಚಾಸ್ಪರ್ಧೆಯ ಶೀಲ್ಡು. ಜಿಲ್ಲಾ ಮಟ್ಟದ್ದು. ಕಟ್ಟಿಗೆಯಿಂದ ಕಿತ್ತು ಬಂದ ಅದರ ಹಿತ್ತಾಳೆ ತಟ್ಟೆ ಗಡಿಗೆ ಬಾಯಿಗೆ ಎಷ್ಟು ಸರಿಯಾಗಿ ಕೂಡುತ್ತದೆಂದರೆ, ಮಾಡಿದವನು ಮಜ್ಜಿಗೆಯನ್ನು ನೆನೆಸಿಕೊಂಡೇ ಮಾಡಿದ್ದಾನೆ ಎಂದು ನನ್ನ ಅವ್ವನ ವಾದ. ಅಪ್ಪ ಕೋರ್ಟಿನಲ್ಲಿ ವಕೀಲ. ಅಜ್ಜನ ಕಾಲದವರೆಗೂ ಜಿಡಗಾ ಕಡೆ ಹೊಲ ಮಾಡಿಕೊಂಡಿದ್ದ ಮನೆತನ ಒಂದೇ ತಲೆಮಾರಿನಲ್ಲಿ ನೇಗಿಲು ಬಿಟ್ಟು ನಾಲಿಗೆ ಹಿಡಿಯಿತು. ಪಲ್ಯಕ್ಕೆ ಉಪ್ಪು ಕಡಿಮೆಯಾಯಿತೋ ಇಲ್ಲವೋ ಎಂಬುದಕ್ಕೂ ನಮ್ಮಲ್ಲಿ ಪರ, ವಿರೋಧ ಎರಡೂ ಪಕ್ಷ ಇರುತ್ತವೆ. ತೀರ್ಪು ಮಾತ್ರ ಯಾವಾಗಲೂ ಅವ್ವನದು.

ಹೀಗೆ ಬೆಳೆದವಳು ಡಾಕ್ಟರಿಕೆ ಓದಲು ಹೋದರೆ ಏನಾಗುತ್ತದೆ? ಉಳಿದವರು ರೋಗಿಯನ್ನು ಮಾತಾಡಿಸುತ್ತಾರೆ, ನಾನು ಪಾಟೀಸವಾಲು ಮಾಡುತ್ತಿದ್ದೆ. ಅದರಲ್ಲಿ ತಪ್ಪೇನೂ ನನಗೆ ಕಂಡಿರಲಿಲ್ಲ. ಒಳ್ಳೆಯ ಪಾಟೀಸವಾಲಿನ ಗುಟ್ಟು ನನಗೆ ಎಂಟನೇ ಇಯತ್ತೆಯಿಂದಲೇ ಗೊತ್ತಿತ್ತು: ಹೌದು ಎನ್ನದೆ ಬೇರೆ ದಾರಿಯಿಲ್ಲದಂಥ ಪ್ರಶ್ನೆ ಕೇಳು, ಒಂದರ ಮೇಲೊಂದು ಹೌದು ಪೇರಿಸು, ಕೊನೆಗೆ ಎದುರಾಳಿಯನ್ನು ಅವನ ಹೌದುಗಳ ಮೇಲೇ ಕೂಡಿಸಿ ಕೆಳಗಿನ ಕುರ್ಚಿ ಎಳೆದುಬಿಡು.

ಮೂರನೇ ವರ್ಷ ನಮಗೊಬ್ಬ ಹೊಸ ಸರ್ ಬಂದರು. ಊರು ಯಡ್ರಾಮಿ. ಯಾರಾದರೂ “ಸರ್, ನೀವು ಜೇವರ್ಗಿ ಕಡೆಯವರಲ್ರಿ?” ಅಂದರೆ, “ಯಡ್ರಾಮಿನೇ ಈಗ ಒಂದು ತಾಲ್ಲೂಕು ಅದ” ಎಂದು ತಿದ್ದಿ, ಆಮೇಲೆ ಮುಂದಿನ ಮಾತು. ಹೆಸರು ನೆನಪಿಡುವುದು ಅವರಿಂದ ಆಗುತ್ತಿರಲಿಲ್ಲ, ಊರು ಮಾತ್ರ ಮರೆಯುತ್ತಿರಲಿಲ್ಲ. ಹೀಗಾಗಿ ನಾನು ಆಳಂದ. ನನ್ನ ಜೊತೆಗಾತಿ ಜೇವರ್ಗಿ. ನಮ್ಮ ಗುಂಪಿನ ಮೂರನೆಯವನು ಅಫಜಲಪುರ. ಕಬ್ಬಿನ ಗದ್ದೆಯವರ ಮನೆಯ ಹುಡುಗ; ಮಾತು ಕಡಿಮೆ, ಹಸಿವು ಜಾಸ್ತಿ.

ಮೊದಲ ದಿನವೇ ಸರ್ ಕುರ್ಚಿಗಳನ್ನು ದುಂಡಗೆ ಹಾಕಿಸಿ, ತಾವೂ ಒಂದರಲ್ಲಿ ಕೂತು ಸುಮ್ಮನಾದರು. ತಡೆಯಲಾಗದೆ ಎದ್ದು ನಿಂತೆ.

“ಸರ್, ಪಾಠ ಯಾವಾಗ ಶುರುವಾಗ್ತದ?”

“ಆಗ್ಯದಲ್ಲ, ಆಳಂದ. ಮೊದಲ್ನೇ ಪ್ರಶ್ನಿ ನಿಂದೇ.”

ಇನ್ನು ಮುಂದೆ ಉಪನ್ಯಾಸ ಕಡಿಮೆ, ನಾವೇ ಓದಿ ಬಂದು, ನಾವೇ ಗುಂಪು ಮಾಡಿಕೊಂಡು, ಒಬ್ಬರು ರೋಗಿಯಾಗಿ ಇನ್ನೊಬ್ಬರು ಡಾಕ್ಟರಾಗಿ ಆಡಿ ಕಲಿಯಬೇಕು ಎಂದರು. ಇದರ ಹೆಸರು ಸಕ್ರಿಯ ಕಲಿಕೆ. ನನಗೆ ಮೈ ಉರಿಯಿತು. ಹುಡುಗರೇ ಓದಿ, ಹುಡುಗರೇ ಕಲಿತು, ಹುಡುಗರೇ ಕಲಿಸುವುದಾದರೆ ಮೇಷ್ಟ್ರು ಯಾಕೆ, ಕಟ್ಟಡ ಯಾಕೆ, ಒಂದು ಬೇವಿನ ಗಿಡದ ಬುಡ ಸಾಲದೇ ಎಂದು ವಾದಿಸಿದೆ. ಕ್ಲಾಸು ಮೇಜು ಕುಟ್ಟಿ ಒಪ್ಪಿತು. ಸರ್ ತಲೆಯಾಡಿಸಿ, “ಬೇವಿನ ಗಿಡ? ಆಗ್ಲಿ” ಎಂದರು. ಮುಂದಿನ ಕ್ಲಾಸು ಖರೇನೇ ಆಸ್ಪತ್ರೆ ಹಿಂದಿನ ಬೇವಿನ ಗಿಡದ ಕೆಳಗೆ ನಡೆಯಿತು. ಎರಡೂ ಬದಿಯಿಂದ ಇರುವೆ ಕಚ್ಚಿಸಿಕೊಂಡ ಗೆಳೆಯರು ನನ್ನನ್ನು ಬೈದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ. ವಾದದಲ್ಲಿ ಗೆದ್ದು ಹೀಗೆ ಸೋತದ್ದು ಅದೇ ಮೊದಲು.

ಅಲ್ಲಿಯೇ ಸರ್ ಶೇಂಗಾದ ಚೀಲ ಬಿಚ್ಚಿದರು. ಆಟದ ನಿಯಮ ಸರಳ. ಡಾಕ್ಟರಾದವರ ಕೈಯಲ್ಲಿ ಒಂದು ಮುಷ್ಟಿ ಹುರಿದ ಶೇಂಗಾ. ‘ಹೌದ್ರಿ’, ‘ಇಲ್ರಿ’ ಎಂದು ಮುಗಿಸಬಹುದಾದ ಪ್ರಶ್ನೆ ಕೇಳಿದರೆ ರೋಗಿ ಅಷ್ಟೇ ಹೇಳಿ ಒಂದು ಶೇಂಗಾ ಎತ್ತಿಕೊಂಡು ತಿನ್ನುತ್ತಾನೆ. ಬಾಯಿ ಬಿಚ್ಚಿ ಮಾತಾಡುವಂಥ ಪ್ರಶ್ನೆ ಕೇಳಿದರೆ ಬಿಟ್ಟಿ, ಶೇಂಗಾ ಉಳಿಯುತ್ತದೆ. ಶೇಂಗಾ ಮುಗಿದಾಗ ರೋಗಿ ಎದ್ದು ಮನೆಗೆ ಹೋಗುತ್ತಾನೆ, ರೋಗ ಅವನ ಜೊತೆಗೇ ಹೋಗುತ್ತದೆ.

ರೋಗಿಯಾಗಲು ಅಫಜಲಪುರದವನು ತಾನೇ ಮುಂದೆ ಬಂದ. ಡಾಕ್ಟರು ನಾನು.

“ಹೊಟ್ಟಿ ನೋಯ್ತದ?”

“ಹೌದ್ರಿ.” ಕಟಕ್.

“ಊಟ ಆದಮ್ಯಾಗ ಜಾಸ್ತಿ?”

“ಹೌದ್ರಿ.” ಕಟಕ್.

“ಖಾರ ಭಾಳ ತಿಂತೀರಿ?”

“ಹೌದ್ರಿ. ಡಾಕ್ಟರ್, ಶೇಂಗಾ ಜರಾ ಕಮ್ಮಿ ಹುರದಾರ.”

ಇನ್ನಷ್ಟು ಹೌದ್ರಿ, ಇನ್ನಷ್ಟು ಕಟಕ್. ನಾನು ಇನ್ನೂ ಕುರ್ಚಿ ಎಳೆಯುವ ಹಂತಕ್ಕೆ ಬಂದಿರಲಿಲ್ಲ, ಮುಷ್ಟಿ ಖಾಲಿ. ಅವನಿಗೆ ಸರ್ ಗುಟ್ಟಾಗಿ ಹೇಳಿಕೊಟ್ಟಿದ್ದ ಕಾಯಿಲೆ ಹೊಟ್ಟೆಯದೇ ಅಲ್ಲ, ಎದೆಯದು. ಆತ ಸಿಪ್ಪೆ ಝಾಡಿಸಿಕೊಂಡು ಎದ್ದು, “ನಾ ಸಾಯಾಕ ಹೊಂಟೆ, ನಮಸ್ಕಾರ” ಎಂದು ಹೊರಟೇಬಿಟ್ಟ.

“ಇದು ಮೋಸ” ಎಂದೆ. “ಕೇಳಿದ್ದಕ್ಕ ಅವ ಖರೆ ಹೇಳಿಲ್ಲ.”

“ಕೇಳಿದ್ದಕ್ಕೆಲ್ಲಾ ಖರೇನೇ ಹೇಳ್ಯಾನ” ಎಂದರು ಸರ್. “ಅವಗ ಹೊಟ್ಟೀನೂ ನೋಯ್ತದ.”

ನನ್ನ ಅಭಿಪ್ರಾಯ ಬದಲಾಗಲಿಲ್ಲ. ಶೇಂಗಾ ತಿನ್ನಿಸಿ ವೈದ್ಯಕೀಯ ಕಲಿಸುವುದಾದರೆ ಸಂತೆಯ ಶೇಂಗಾದವಳೇ ನಮ್ಮ ಡೀನ್ ಆಗಬೇಕು ಎಂದು ಹಾಸ್ಟೆಲಿನಲ್ಲಿ ಸಾರಿದೆ. ಜೇವರ್ಗಿ ಮಾತ್ರ ಹಾಸಿಗೆಯಿಂದಲೇ, “ನೀ ಪ್ರಶ್ನಿ ಕೇಳಾಕತ್ತಿರಲಿಲ್ಲ ಬೇ. ಉತ್ತರ ಮೊದ್ಲೇ ಬರ್ಕೊಂಡು ಅವನ ಕಡಿಂದ ಸಹಿ ಹಾಕ್ಸಾಕತ್ತಿದ್ದಿ” ಎಂದಳು. ಅವಳಿಗೆ ನಿದ್ದೆ ಬಂದಿದೆ ಎಂದು ನಿರ್ಧರಿಸಿ ದೀಪ ಆರಿಸಿದೆ.

ಅದೇ ವರ್ಷ ನಮಗೆ ಕುಟುಂಬ ದತ್ತು ಬಂತು. ಒಂದೊಂದು ಗುಂಪು ಹಳ್ಳಿಯ ಮನೆಯೊಂದನ್ನು ಹಿಡಿದು ವರ್ಷವಿಡೀ ಅವರ ಆರೋಗ್ಯ ನೋಡಿಕೊಳ್ಳಬೇಕು. ನಮಗೆ ಸಿಕ್ಕಿದ್ದು ನಿಂಬರ್ಗಾದ ಒಂದು ಮನೆ. ಮನೆಯಾಕೆಯನ್ನು ನಾವು ಕಾಕು ಎನ್ನುತ್ತಿದ್ದೆವು. ಮೊದಲ ದಿನವೇ ಚಾ, ಚುರಮುರಿ, ಎರಡನೇ ಸಲ ಜೋಳದ ರೊಟ್ಟಿ, ಪುಂಡಿಪಲ್ಯ. ಯಾರು ಯಾರನ್ನು ದತ್ತು ತೆಗೆದುಕೊಂಡರು ಎಂಬುದರ ಮೇಲೆ ಒಂದು ಒಳ್ಳೆಯ ಚರ್ಚೆ ಏರ್ಪಡಿಸಬಹುದಿತ್ತು. ಅಫಜಲಪುರ ತನ್ನ ಪಕ್ಷವನ್ನು ಮೂರನೇ ರೊಟ್ಟಿಯ ಹೊತ್ತಿಗೇ ಘೋಷಿಸಿಬಿಟ್ಟಿದ್ದ.

ಕಾಕು ತೊಗರಿ ಕೊಯ್ಯುವ ಹೆಣ್ಣುಮಕ್ಕಳ ಗುಂಪಿನಲ್ಲಿದ್ದಳು. ಯಂತ್ರ ತಿರುಗಲಾರದ ಸಣ್ಣ ಹೊಲಗಳಿಗೆಲ್ಲ ಅವರದೇ ಗುಂಪು. ಮನೆಯಲ್ಲಿ ಗಂಡ, ಮಗ, ಎರಡು ಎಮ್ಮೆ, ನಾಲ್ವರೂ ಮಾತಿನವರಲ್ಲ. ಹೀಗಾಗಿ ಆಕೆಯ ಮಾತು, ನಗು, ಜಗಳ, ಊರ ಸುದ್ದಿ ಎಲ್ಲ ಇದ್ದದ್ದು ಗುಂಪಿನಲ್ಲೇ. ದಸರೆಯ ಸುಮಾರಿಗೆ ಸಕ್ಕರೆ ಕಾಯಿಲೆ ಎಂದು ತಿಳಿದು, ಊರ ಆರೋಗ್ಯ ಕೇಂದ್ರದಲ್ಲಿ ಗುಳಿಗೆ ಶುರುವಾಗಿತ್ತು. ಮೊದಮೊದಲು ಆರಾಮಾಗಿಯೇ ಇದ್ದಳು. ಆದರೆ ಎಳ್ಳಮಾಸಿ, ಅಂದರೆ ಊರೆಲ್ಲ ಹೊಲಕ್ಕೆ ಹೋಗಿ ಉಣ್ಣುವ ಎಳ್ಳು ಅಮಾವಾಸ್ಯೆ ಮುಗಿದು ತೊಗರಿ ಕೊಯ್ಲು ಹತ್ತಿದ್ದೇ ತಡ, ಹೊಲದಲ್ಲಿ ತಲೆ ತಿರುಗಿ ಬಿದ್ದಳು. ಮತ್ತೊಂದು ದಿನ ಮತ್ತೆ ಬಿದ್ದಳು, ಕೈಯಲ್ಲಿ ಕುಡಗೋಲು ಇದ್ದಂತೆಯೇ.

“ನಮ್ಮ ಗುಂಪಿನ ಹಿರಿಯಾಕಿ ಬ್ಯಾಡ ಅಂದ್ಲವಾ” ಎಂದಳು ಕಾಕು. “ಕುಡಗೋಲು ಹಿಡಿದು ಬೀಳಾಕಿ ನನ್ನ ಬಾಜೂಕ ಬ್ಯಾಡ, ಮನ್ಯಾಗಿರು ಅಂದ್ಲು. ಇನ್ನೊಬ್ಬಾಕಿ ನನ್ನ ಪಾಳಿಗೆ, ನನ್ನ ಸಾಲಿಗೆ ಬಂದ್ಲಂದ್ರ ಮುಗೀತು. ಒಮ್ಮಿ ಪಾಳಿ ಕೈ ಬದಲಾದ್ರ ತಿರುಗಿ ಬರಂಗಿಲ್ಲ. ಹೆಂಗರ ಮಾಡಿ ನನ್ನ ವಾಪಸ್ ಕಳಸ್ರಿ. ಈ ಎಮ್ಮಿ ಮಾರಿ ನೋಡ್ಕೋತ ಎಷ್ಟು ದಿನ ಕೂಡ್ಲಿ?”

ಕೂಡಿಸಿಕೊಂಡು ಶುರು ಮಾಡಿದೆ.

“ಗುಳಿಗಿ ದಿನಾ ತೊಗೊಳ್ತೀರಿ?”

“ಹೌದ್ರಿ.”

“ಊಟಕ್ಕಿಂತ ಮುಂಚೆನೇ?”

“ಹೌದ್ರಿ, ಹಂಗೇ ಹೇಳ್ಯಾರಲ್ಲ.”

“ವ್ಯಾಳ್ಯಾಕ್ಕ ಸರಿಯಾಗಿ ಉಣ್ತೀರಿ?”

“ಹೌದ್ರಿ, ಎಲ್ಲಾರ ಕೂಡ.”

ಬೆರಳಿಗೆ ಚುಚ್ಚಿ ಸಕ್ಕರೆ ನೋಡಿದೆವು. ಸಂಜೆಯ ಹೊತ್ತು, ನಾವು ಬರುತ್ತಿದ್ದ ಬಸ್ಸು ಸಂಜೆಯದೇ. ಅಂಕಿ ಚೆನ್ನಾಗಿಯೇ ಇತ್ತು. ಹಾಗಾದರೆ ಗುಳಿಗೆಯ ತಪ್ಪಿಲ್ಲ, ಊಟದ ತಪ್ಪಿಲ್ಲ, ಸಕ್ಕರೆಯ ತಪ್ಪಿಲ್ಲ. ಉಳಿದದ್ದೇನು? ಈ ವಯಸ್ಸಿನ ಹೆಣ್ಣುಮಕ್ಕಳು, ಬಿಸಿಲ ದುಡಿಮೆ, ತಲೆ ತಿರುಗುವುದು: ರಕ್ತ ಕಡಿಮೆ. ಬೇವಿನ ಗಿಡದ ಕೆಳಗೆ ಇದನ್ನು ಮಂಡಿಸಿದ ದಿನ ನಾನು ಒಳ್ಳೆಯ ಫಾರ್ಮಿನಲ್ಲಿದ್ದೆ. ಒಂದೊಂದೇ ಬಾಗಿಲು ಮುಚ್ಚಿ ಕೊನೆಯದನ್ನು ತೆರೆದು ತೋರಿಸಿದೆ. ಚಪ್ಪಾಳೆ ಬಿತ್ತು.

“ಭಾಳ ಛಂದ ಹೇಳಿದಿ, ಆಳಂದ” ಎಂದರು ಸರ್. “ಖರೆ ಅದೋ ಇಲ್ಲೋ ಹೆಂಗ ನೋಡೂದು?”

ರಕ್ತ ಪರೀಕ್ಷೆ ಮಾಡಿಸಿದೆವು. ನನ್ನ ವಾದಕ್ಕಿಂತ ಕಾಕುವಿನ ರಕ್ತವೇ ಗಟ್ಟಿಯಾಗಿತ್ತು.

ಇತ್ತ ಕೊಯ್ಲು ನಡೆದೇ ಇತ್ತು. ಕಾಕುವಿನ ಪಾಳಿಗೆ ಪಕ್ಕದ ಓಣಿಯ ಸೊಸೆಯೊಬ್ಬಳನ್ನು ಕರೆತರುವ ಮಾತು ಹಬ್ಬಿತ್ತು. ಮುಂದಿನ ಭೇಟಿಗೆ ಹೊರಡುವಾಗ ಸರ್ ಶೇಂಗಾ ಚೀಲ ನನ್ನ ಕೈಗಿಟ್ಟು, “ಕಾಕೂಗೂ ಆಟ ಕಲಸ್ರಿ” ಎಂದರು. ಇದಕ್ಕೆ ನನ್ನ ಬಳಿ ಒಂದು ಖಾರವಾದ ಉತ್ತರ ಇತ್ತು. ಆದರೆ ಎಮ್ಮೆಗಳ ಮುಖ ನೆನಪಾಗಿ ನುಂಗಿಕೊಂಡೆ.

ಆಟದ ನಿಯಮ ಕೇಳಿ ಕಾಕುವಿಗೆ ಖುಷಿಯೋ ಖುಷಿ.

“ಅಂದ್ರ ನಾ ಹೌದ್ರಿ ಅಂದ್ರ ಒಂದು ಶೇಂಗಾ?”

“ಹೌದ್ರಿ” ಎಂದೆ.

“ಏ, ಈಗ ನೀನೇ ಅಂದಿ! ತಿನ್ನು ಒಂದು!”

ಜೇವರ್ಗಿ ನಕ್ಕು ನಕ್ಕು ಗೋಡೆಗೆ ಒರಗಿದಳು. ಅಫಜಲಪುರ ಇದೇ ಸಮಯವೆಂದು ನಾಲ್ಕು ಎಗರಿಸಿದ. ನಾನು ಪ್ರಶ್ನೆ ಹುಡುಕತೊಡಗಿದೆ. ಮನಸ್ಸಿನಲ್ಲಿ ಮೂಡಿದ ಪ್ರತಿ ಪ್ರಶ್ನೆಯ ಬಾಲಕ್ಕೂ ಒಂದು ಹೌದ್ರಿ ಅಂಟಿಕೊಂಡೇ ಬರುತ್ತಿತ್ತು. ಹೌದು ಇಲ್ಲದ ಪ್ರಶ್ನೆ ಕೇಳುವುದು ಇಷ್ಟು ಕಷ್ಟವೇ? ವೇದಿಕೆಯ ಮೇಲೆ ಅಂಥ ಪ್ರಶ್ನೆ ಕೇಳುವವರನ್ನು ನಾವು ದಡ್ಡರೆನ್ನುತ್ತಿದ್ದೆವು. ಎದುರಾಳಿ ಏನು ಹೇಳುತ್ತಾನೋ ತಿಳಿಯದೆ ಕೇಳುವುದೆಂದರೆ ಕುರುಡು ಬಾವಿಗೆ ಹಗ್ಗ ಬಿಟ್ಟಂತೆ. ಕೊನೆಗೆ ಹಗ್ಗ ಬಿಟ್ಟೆ.

“ಕಾಕು, ನೀವು ಬಿದ್ದ ದಿನ ಹೆಂಗ ಹೋತು? ಎದ್ದಾಗಿಂದ ಹೇಳ್ರಿ.”

ಕಾಕು ಕಾಲು ಚಾಚಿ ಕೂತಳು.

“ಎದ್ದೆ. ಕತ್ತಲಿತ್ತು. ಮಾರಿ ತೊಳ್ಕೊಂಡು ಗುಳಿಗಿ ನುಂಗಿದೆ, ಚಾ ಕುಡದೆ. ಸಕ್ಕರಿ ಬಿಡ್ರಿ ಅಂದೀರಲ್ಲ, ಖಾಲಿ ಚಾ. ಬುತ್ತಿ ಕಟಗೊಂಡು ಹೊಂಟೆ. ತೊಗರಿ ಅಂದ್ರ ಇಬ್ಬನಿ ಇರೂತನಾನೇ ಕೊಯ್ಬೇಕವಾ. ಬಿಸಲೇರಿದ್ರ ಕಾಯಿ ಸಿಡದು ಕಾಳೆಲ್ಲಾ ನೆಲಕ್ಕ. ಹತ್ತಿ ಹಂಗಲ್ಲ, ಹತ್ತಿ ಬಿಡಸೂಮುಂದ ಇಬ್ಬನಿ ಆರ್ಲಿ ಅಂತ ಮನ್ಯಾಗ ಉಂಡೇ ಹೋಗ್ತಿದ್ದೆವು. ತೊಗರಿ ದಿನ ಹೊಟ್ಟಿ ಮಾತು ಕೇಳಂಗಿಲ್ಲ. ಬಿಸಲೇರಿ, ಕಾಯಿ ಒಣಗಿ, ಕೈ ನಿಂತಮ್ಯಾಗೇ ಬುತ್ತಿ.”

“ನಡುವೆ ಹಸಿವಾದ್ರ?” ಜೇವರ್ಗಿ ಕೇಳಿದಳು.

“ಹಸಿವಾದ್ರ? ಹಿರಿಯಾಕಿ ಕುಂತು ಗಂಟು ಬಿಚ್ಚಬೇಕು, ಆಮ್ಯಾಗ ಎಲ್ಲಾರೂ. ಒಬ್ಬಾಕಿನೇ ಬದುವಿಗೆ ಕುಂತು ತಿನ್ನಾಕ ಬರ್ತದೇನು? ನಾಯಿ ತಿಂದಂಗ ಆಗಂಗಿಲ್ಲ?” ಒಂದು ಶೇಂಗಾ ಬಾಯಿಗೆ ಹಾಕಿಕೊಂಡಳು. ನಿಯಮದ ಪ್ರಕಾರ ಅದು ಆಕೆಗೆ ಸಲ್ಲುತ್ತಿರಲಿಲ್ಲ, ಯಾರೂ ತಕರಾರು ಮಾಡಲಿಲ್ಲ. “ಎಳ್ಳಮಾಸಿ ದಿನ ನೋಡ್ರಿ, ಅಷ್ಟು ದೂರ ಹೊಲಕ್ಕ ನಡದೆ, ಏನೂ ಆಗ್ಲಿಲ್ಲ. ಅವತ್ತು ಮುಂಜಾನಿಂದ ಬಾಯಿ ಆಡೇ ಆಡಿತ್ತಲ್ಲ.”

ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿದೆವು. ಸಕ್ಕರೆ ಇಳಿಸುವ ಗುಳಿಗೆ ಹೊಟ್ಟೆಗೆ ಹೋಗಿ ಕೆಲಸ ಶುರು ಮಾಡಿದೆ, ಇಳಿಸಲು ಹೊಟ್ಟೆಯಲ್ಲಿ ಏನೂ ಇಲ್ಲ, ಜೊತೆಗೆ ಬಾಗಿ ಕೊಯ್ಯುವ ದುಡಿಮೆ. ಸಕ್ಕರೆ ತಳ ಮುಟ್ಟಿದರೆ ಮನುಷ್ಯ ಬೀಳುತ್ತಾನೆ. ಆಕೆಯ ಮೂರು ಹೌದ್ರಿಯೂ ಅಪ್ಪಟ ನಿಜ. ಗುಳಿಗೆ ದಿನಾ ತೊಗೊಳ್ತಾಳೆ, ಊಟಕ್ಕಿಂತ ಮುಂಚೆಯೇ ತೊಗೊಳ್ತಾಳೆ, ವೇಳೆಗೆ ಸರಿಯಾಗಿ ಉಣ್ಣುತ್ತಾಳೆ. ವೇಳೆ ಯಾರದು ಎಂದು ನಾನು ಕೇಳಿರಲಿಲ್ಲ. ಬರೆದುಕೊಟ್ಟವರ ಲೆಕ್ಕದಲ್ಲಿ ಗುಳಿಗೆಯ ಬೆನ್ನಿಗೇ ನಾಷ್ಟಾ; ತೊಗರಿಯ ಲೆಕ್ಕದಲ್ಲಿ ಹಿರಿಯಾಕಿ ಗಂಟು ಬಿಚ್ಚಿದಾಗ.

ಇಲ್ಲಿ ಒಂದು ಮಾತು ದಾಖಲಾಗಲಿ. ಆ ಗುಳಿಗೆ ಉಪವಾಸದ ಹೊಟ್ಟೆಯಲ್ಲಿ ಏನು ಮಾಡುತ್ತದೆ ಎಂಬುದನ್ನು ನಾನು ಕಲಿತದ್ದು ಶೇಂಗಾದಿಂದ ಅಲ್ಲ. ಹಿಂದಿನ ವರ್ಷ ಒಬ್ಬ ಹಿರಿಯ ಮೇಷ್ಟ್ರು ಕಣ್ಣೆತ್ತಿ ಕೂಡ ನೋಡದೆ, ಒಂದೇ ರಾಗದಲ್ಲಿ ಓದಿದ ಉಪನ್ಯಾಸದಿಂದ. ಅರ್ಧ ಕ್ಲಾಸು ಮಲಗಿತ್ತು, ನಾನು ಎಚ್ಚರಿದ್ದೆ. ವಾಪಸ್ ಬಂದು ಸರ್ ಎದುರು ಇದನ್ನೂ ಮಂಡಿಸಿದೆ: ಶೇಂಗಾ ಪ್ರಶ್ನೆ ಕೊಟ್ಟಿತು, ಉತ್ತರ ಉಪನ್ಯಾಸದ್ದು, ಆದ್ದರಿಂದ ಸಮ.

“ಸಮ ಆಗ್ಲಿ” ಎಂದರು ಸರ್. “ಕಾಕು ಗುಂಪಿಗೆ ಹೋಗೂದು ಯಾವಾಗ?”

ಸರ್ ಮರುದಿನವೇ ನಮ್ಮ ಜೊತೆ ಬಂದು ಆರೋಗ್ಯ ಕೇಂದ್ರದ ಡಾಕ್ಟರರ ಹತ್ತಿರ ಕಾಕುವನ್ನು ಕೂಡಿಸಿದರು. ಅವರು ಪೂರ್ತಿ ಕೇಳಿ ಗುಳಿಗೆಯ ಹೊತ್ತು ಬದಲಾಯಿಸಿದರು. ಕೊಯ್ಲಿನ ದಿನ ಎದ್ದ ತಕ್ಷಣ ಗುಳಿಗೆ ಇಲ್ಲ. ಚಾದ ಜೊತೆ ಅರ್ಧ ರೊಟ್ಟಿ. ಗುಳಿಗೆ ಹೊಲದಲ್ಲಿ, ಬುತ್ತಿಯ ಮೊದಲ ತುತ್ತಿನ ಜೊತೆ. ಮತ್ತೆ ತಲೆ ತಿರುಗಿದರೆ ಹಿರಿಯಾಕಿಯನ್ನು ಕಾಯದೆ ಬೆಲ್ಲ. ಇಷ್ಟೇ.

ಆದರೆ ಹಿರಿಯಾಕಿ ಒಪ್ಪಬೇಕಲ್ಲ? ಆಕೆಯ ಮನೆಗೆ ನಾನೇ ಮುಂದಾಗಿ ಹೋದೆ. ಇದು ನನ್ನ ಅಖಾಡ. ಆಕೆ ಅಂಗಳದಲ್ಲಿ ಕುಡಗೋಲು ಮಸೆಯುತ್ತಿದ್ದಳು. ಕಾರಣ, ಪರಿಹಾರ, ಭರವಸೆ ಎಂದು ಮೂರು ಅಂಗವಾಗಿ ಮಂಡಿಸಿದೆ. ಆಕೆ ಮಸೆಯುವುದನ್ನು ನಿಲ್ಲಿಸಲಿಲ್ಲ.

“ಮುಗೀತೇನು?”

“ಮುಗೀತ್ರಿ.”

“ಯಾರ ಮಗಳು ನೀ?”

“ಆಳಂದದಾಗ ವಕೀಲರ ಮಗಳ್ರಿ.”

“ಅದಕ್ಕ.” ಕುಡಗೋಲಿನ ಬಾಯಿಗೆ ಹೆಬ್ಬೆರಳು ಒತ್ತಿ ನೋಡಿದಳು. “ಬಾಯಿ ಛಲೋ ಮಸದೀ. ನೋಡು, ನಾಳಿ ಆಕಿ ಬರ್ಲಿ. ಬಾಜೂಕ ನೀ ನಿಂದ್ರು. ಆಕಿ ಕುಸದ್ಲಂದ್ರ ಆಕಿ ಪಾಳಿ ನೀ ಕೊಯ್ದು ಮುಗಸು, ನಾಡಿದ್ದಿನಿಂದ ಆ ಸೊಸಿ ಬರ್ತಾಳ. ಕುಸೀಲಿಲ್ಲಂದ್ರ ಪಾಳಿ ಆಕೀದೇ. ಒಪ್ಪಿಗೇನು?”

ಒಪ್ಪಿದೆ. ಜೇವರ್ಗಿ ಆ ದಿನ ನಮ್ಮ ಮನೆಯಲ್ಲೇ ಉಳಿದಳು. ಬೆಳಗಿನ ಜಾವ ಅಪ್ಪನ ಸ್ಕೂಟರ್ ತೆಗೆದು ಹೊರಟಾಗ ಅವ್ವ ಅಡುಗೆಮನೆಯಿಂದ, “ಒಂದು ತುತ್ತು ತಿಂದು ಹೋಗ್ರೇ” ಎಂದಳು. ಜೇವರ್ಗಿ ನಿಂತೇ ಒಂದು ರೊಟ್ಟಿ ಮುಗಿಸಿದಳು. ಹೊತ್ತಾಗುತ್ತದೆ ಎಂದು ನಾನು ಸ್ಕೂಟರಿನ ಹಾರ್ನು ಬಾರಿಸುತ್ತಿದ್ದೆ.

ಹೊಲದ ಮೇಲೆ ಇಬ್ಬನಿ ಹೊಗೆಯ ಹಾಗೆ ಕೂತಿತ್ತು. ಗಿಡಗಳು ನನ್ನ ಹೆಗಲೆತ್ತರ. ಮುಟ್ಟಿದರೆ ತೋಳು ತೊಯ್ಯುತ್ತಿತ್ತು. ಹೆಣ್ಣುಮಕ್ಕಳು ಸಾಲಿಗೊಬ್ಬರಂತೆ ನಿಂತು ಬಾಗಿದರು. ಕಾಕು ಬಂದಳು ಎನ್ನುವುದು ಅರ್ಧ ಗಳಿಗೆಯಲ್ಲೇ ಇಡೀ ಹೊಲಕ್ಕೆ ತಿಳಿಯಿತು, ಯಾಕೆಂದರೆ ಆಕೆ ಮನೆಯಲ್ಲಿ ಕೂಡಿಟ್ಟಿದ್ದ ಮಾತನ್ನೆಲ್ಲ ಒಮ್ಮೆಗೇ ಬಿಚ್ಚಿದ್ದಳು. ನಾನು ಪಕ್ಕದಲ್ಲಿ ಕಣ್ಣು ಕೀಳದೆ ನಡೆದೆ. ಬೆವರಿತೇ, ಕೈ ನಡುಗಿತೇ, ಮಾತು ತೊದಲಿತೇ? ಮಾತು ತೊದಲುವ ಲಕ್ಷಣ ಮಾತ್ರ ಎಲ್ಲಿಯೂ ಇರಲಿಲ್ಲ.

“ಅರ್ಧ ರೊಟ್ಟಿ ತಿಂದಿರಿ?”

“ಹೌದ್ರಿ. ಶೇಂಗಾ ಎಲ್ಲಿ?”

ಸುಮ್ಮನೆ ನಿಲ್ಲುವುದು ಸರಿಯಲ್ಲವೆಂದು ನಾನೂ ಒಂದು ಕುಡಗೋಲು ಕೇಳಿದೆ. ಹಿರಿಯಾಕಿ ಕೊಡಲಿಲ್ಲ, ಕೊಯ್ದ ಗಿಡ ಒಟ್ಟುವ ಕೆಲಸ ಕೊಟ್ಟಳು. ಬಾಗು, ಎತ್ತು, ನಡೆ, ಇಳಿಸು. ಇಬ್ಬನಿ ಆರತೊಡಗಿತು, ಬಿಸಿಲು ಬೆನ್ನಿಗೆ ಹತ್ತಿತು. ಅಲ್ಲೊಂದು ಇಲ್ಲೊಂದು ಕಾಯಿ ಚಟ್ಟೆನ್ನುವ ಸದ್ದು. ಇನ್ನೇನು ಕೈ ನಿಲ್ಲಿಸುವ ಹೊತ್ತು. ಕಾಕು ತನ್ನ ಸಾಲಿನ ತುದಿಗೆ ಬಂದಿದ್ದಳು, ನೆಟ್ಟಗೆ ನಿಂತಿದ್ದಳು, ಯಾರದೋ ಬೀಗತಿಯ ಕಥೆ ಹೇಳುತ್ತಿದ್ದಳು. ನಾನು ಗೆದ್ದೆ ಎಂದುಕೊಂಡು ಒಂದು ಹೊರೆ ಎತ್ತಿದೆ. ಹೊಲ ನಿಧಾನಕ್ಕೆ ಎಡಕ್ಕೆ ವಾಲಿತು. ಕೂತುಕೊಂಡರೆ ವಾಸಿ ಎನ್ನಿಸಿತು. ಕೂತೆ.

“ಅಯ್ಯ, ಡಾಕ್ಟರ್ ಬಿದ್ಲು!” ಎಂದು ಯಾರೋ ಕೂಗಿದರು.

“ಬಿದ್ದಿಲ್ಲ, ಕುಂತೀನಿ” ಎಂದು ನಾನು ಕೂತಲ್ಲಿಂದಲೇ ಪ್ರತಿವಾದ ಹೂಡಿದೆ.

ಜೇವರ್ಗಿ ಓಡಿ ಬಂದು ನಾಡಿ ಹಿಡಿದಳು. ಹಿಡಿದ ಕೈ ನಗುವಿಗೆ ಅಲುಗುತ್ತಿತ್ತು. ಹಿರಿಯಾಕಿ ಬಂದು ಎದುರಿಗೆ ನಿಂತು ನನ್ನ ಮುಖ ನೋಡಿದಳು.

“ಮುಂಜಾನಿ ಏನೂ ತಿಂದಿಲ್ಲ?”

“ಹೌದ್ರಿ” ಎಂದೆ.

ಕಾಕು ಸೆರಗಿನ ಗಂಟಿಗೆ ಕೈ ಹಾಕಿ ಒಂದು ಶೇಂಗಾ ತೆಗೆದು ನನ್ನ ಅಂಗೈಯಲ್ಲಿಟ್ಟಳು.

“ಬಿಚ್ರೇ ಬುತ್ತಿ” ಎಂದಳು ಹಿರಿಯಾಕಿ, ಬದುವಿನ ಮೇಲೆ ಕೂಡುತ್ತ. ಎಲ್ಲರ ಗಂಟುಗಳೂ ಒಟ್ಟಿಗೆ ಬಿಚ್ಚಿದವು. ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ, ಹಸಿ ಉಳ್ಳಾಗಡ್ಡಿ. ಕಾಕು ಗುಳಿಗೆಯನ್ನು ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದು, ಮೊದಲ ತುತ್ತಿನ ಜೊತೆ ನುಂಗಿದಳು. ಆಮೇಲೆ ತನ್ನ ರೊಟ್ಟಿ ಮುರಿದು ಅರ್ಧ ನನ್ನ ಕಡೆ ಚಾಚಿದಳು.

“ನೀ ನಾಳಿ ಇದೇ ಹೊತ್ತಿಗೆ ಬಾ” ಎಂದಳು ಹಿರಿಯಾಕಿ ಕಾಕುವಿಗೆ. ನನ್ನ ಕಡೆ ತಿರುಗಿ, “ನೀ ಬ್ಯಾಡವಾ. ಬೀಳೋರನ್ನ ನಾ ಇಟ್ಕೊಳ್ಳಂಗಿಲ್ಲ” ಎಂದಳು.

ಇದಕ್ಕೆ ವಾದ ಹೂಡಬಹುದಿತ್ತು. ಬಾಯಿ ತುಂಬ ರೊಟ್ಟಿ ಇತ್ತು.